ಮೊಲದ ಕಿವಿ ತೂರುವಷ್ಟು ಸಡಿಲ

ಮಕ್ಕಳೇ, ಹಾಸುಬಂಡೆ ಎಂಬಲ್ಲಿ ಒಂದು ಹಳೆಯ ಕಲ್ಲುಗಣಿ ಇತ್ತು. ಮನುಷ್ಯರು ಬೇಕಾದಷ್ಟು ಕಲ್ಲು ಒಡೆದುಕೊಂಡು, ಅಡ್ಡ ಬಂದ ಮರಗಳನ್ನೆಲ್ಲ ಉರುಳಿಸಿ, ಒಂದು ದಿನ ಯಂತ್ರಗಳ ಸಮೇತ ಹೊರಟುಹೋದರು. ಅವರು ತೋಡಿದ ಗುಂಡಿಯಲ್ಲಿ ಮಳೆನೀರು ನಿಂತು ಕೊಳವಾಯಿತು. ಕೊಳವೇನೋ ಆಯಿತು, ಸುತ್ತ ಕೂರಲು ಒಂದು ಕೊಂಬೆ ಇರಲಿಲ್ಲ. ಬೇಸಗೆಯಲ್ಲಿ ದಡದ ಕಲ್ಲುಪುಡಿ ಎಷ್ಟು ಕಾಯುತ್ತಿತ್ತೆಂದರೆ, ಕಪ್ಪೆಗಳು ಕೂಡ ಹೊರಗೆ ಬರುವ ಮುಂಚೆ ಎರಡು ಸಲ ಯೋಚಿಸುತ್ತಿದ್ದವು.

ಗಣಿ ಬರುವ ಮೊದಲು ಅಲ್ಲೊಂದು ಹಳ್ಳ ಹರಿಯುತ್ತಿತ್ತು. ಹಳ್ಳದ ಮೇಲೆ ಬಾಗಿಕೊಂಡು ಒಂದು ಮುದಿ ಜಾಲಿಮರ. ಆ ಮರದ ತುಂಬ ಗೀಜಗ ಹಕ್ಕಿಗಳ ಗೂಡುಗಳು ತೂಗುತ್ತಿದ್ದವು. ಮರ ಬಿದ್ದ ದಿನ ಗೀಜಗಗಳ ಬಳಗ ಎದ್ದು ದೂರದ ಕೆರೆಗೆ ಹೋಯಿತು. ಒಬ್ಬ ಮಾತ್ರ ವರ್ಷ ಕಳೆದ ಮೇಲೆ ವಾಪಸು ಬಂದ. ಅವನೇ ಹೊನ್ನಯ್ಯ.

ಹೊನ್ನಯ್ಯ ಹುಟ್ಟಿದ್ದು ಆ ಜಾಲಿಮರದಲ್ಲಿ. ಅವನ ಕಣ್ಣಿಗೆ ಬೇರೆ ಯಾವ ಮರವೂ ಮರದಂತೆ ಕಾಣುತ್ತಿರಲಿಲ್ಲ. "ಇಲ್ಲಿ ಮತ್ತೆ ಮರ ಬರಬೇಕು, ನನ್ನ ಬಳಗ ಮತ್ತೆ ಇಲ್ಲಿ ಗೂಡು ಕಟ್ಟಬೇಕು" ಎಂದು ಅವನು ಕಲ್ಲಿನ ಮೇಲೆ ಕೂತು ದಿನವೂ ಹೇಳುತ್ತಿದ್ದ. ಕೇಳಿ ಕೇಳಿ ಸಾಕಾಗಿ ಮುಳ್ಳುಹಂದಿಯೊಂದು ಬಿಲದಿಂದ ತಲೆ ಹೊರಹಾಕಿತು. ಎಲ್ಲರೂ ಅವಳನ್ನು ಮುಳ್ಳಜ್ಜಿ ಎನ್ನುತ್ತಿದ್ದರು.

"ಬರಬೇಕು ಬರಬೇಕು ಅಂದ್ರೆ ಮರ ನಡ್ಕೊಂಡು ಬರುತ್ತಾ? ಗುಂಡಿ ನಾನು ತೋಡ್ತೀನಿ. ಬೀಜ ನೀನು ತಾ" ಎಂದಳು ಮುಳ್ಳಜ್ಜಿ.

ಹಾಗೆ ಕೆಲಸ ಶುರುವಾಯಿತು. ಪ್ರತಿ ಹುಣ್ಣಿಮೆಯ ಮಾರನೆಯ ಬೆಳಗ್ಗೆ ಎಲ್ಲರೂ ಕೊಳದ ದಡದಲ್ಲಿ ಸೇರಬೇಕೆಂದು ಮಾತಾಯಿತು. ಹೊಲದ ಕೆಲಸಕ್ಕೆ ರೈತರು ಮುಯ್ಯಾಳು ಹೋಗುತ್ತಾರಲ್ಲ, ಹಾಗೆ. ಇವತ್ತು ನಾನು ನಿನ್ನ ಹೊಲದಲ್ಲಿ ದುಡಿದರೆ, ನಾಳೆ ನೀನು ನನ್ನ ಹೊಲಕ್ಕೆ ಬಂದು ಆ ಮುಯ್ಯಿ ತೀರಿಸಬೇಕು. ಕೂಲಿಯ ಮಾತೇ ಇಲ್ಲ.

ಕೆಂಚಿ ಎಂಬ ಮೊಲಕ್ಕೆ ಮೊದಲ ದಿನವೇ ಅನುಮಾನ ಬಂತು. "ನಾವೇನೋ ಮುಯ್ಯಾಳು ಬಂದಿದೀವಿ. ವಾಪಸು ಮುಯ್ಯಿ ತೀರಿಸೋರು ಯಾರು?" ಎಂದು ಕೇಳಿದಳು.

"ಗಿಡಗಳು" ಎಂದಳು ಮುಳ್ಳಜ್ಜಿ.

"ಯಾವಾಗ?"

"ಅವುಗಳ ಪುರುಸೊತ್ತಿಗೆ. ನೀನು ಕಳೆ ತೆಗಿ."

ಕಳೆ ತೆಗೆಯುವುದು ಕೆಂಚಿಯ ಪಾಲಿಗೆ ಬಂದಿತ್ತು. ಹುಲ್ಲನ್ನು ತಿಂದು ಮುಗಿಸುವ ಕೆಲಸಕ್ಕೆ ಅವಳಷ್ಟು ಯೋಗ್ಯರು ಬೇರಾರಿದ್ದರು? ಮುಳ್ಳಜ್ಜಿ ಬೆಳಗಿನ ನಿದ್ದೆ ಬಿಟ್ಟು ಬಂದು ಗುಂಡಿ ತೋಡುತ್ತಿದ್ದಳು. ಗಿಡದ ತೊಗಟೆ ಎಂದರೆ ಅವಳ ಬಾಯಲ್ಲಿ ನೀರೂರುತ್ತಿತ್ತು, ಆದರೂ ಈ ಗಿಡಗಳನ್ನು ಮುಟ್ಟುವುದಿಲ್ಲ ಎಂದು ಎಲ್ಲರ ಮುಂದೆ ಮಾತು ಕೊಟ್ಟಿದ್ದಳು. ಬಂಡೆಪ್ಪ ಎಂಬ ಉಡ ಬಾಲದಿಂದ ಕೋಲುಗಳನ್ನು ಎಳೆದು ತಂದು ಗಿಡಗಳ ಪಕ್ಕ ನೆಡುತ್ತಿದ್ದ. ಆ ಕೋಲಿಗೆ ಗಿಡವನ್ನು ನಾರಿನಿಂದ ಕಟ್ಟುವವನು ಹೊನ್ನಯ್ಯ. ಗಂಟು ಹಾಕುವುದರಲ್ಲಿ ಗೀಜಗನನ್ನು ಮೀರಿಸುವವರು ಉಂಟೇ!

ಮೊದಲ ವರ್ಷವೇ ಒಂದು ಗಾಳಿ ಬಂತು. ಕಟ್ಟದೆ ಬಿಟ್ಟ ಎಳೆಗಿಡಗಳೆಲ್ಲ ಬೇರುಸಹಿತ ಮಲಗಿಬಿಟ್ಟವು. ಹೊನ್ನಯ್ಯ ಕಟ್ಟಿದ್ದ ಇಪ್ಪತ್ತು ಗಿಡಗಳು ಮಾತ್ರ ಕೋಲು ಹಿಡಿದು ನಿಂತಿದ್ದವು.

"ನಿನ್ನ ಗಂಟು ಇಲ್ಲದಿದ್ರೆ ನಮ್ಮ ಕೆಲಸ ಎಲ್ಲ ಮಣ್ಣುಪಾಲಾಗ್ತಿತ್ತು ಕಣಪ್ಪ" ಎಂದು ಬಂಡೆಪ್ಪ ಬಾಯ್ತುಂಬ ಹೊಗಳಿದ. ಎಲ್ಲರೂ ಹೊಗಳಿದರು. ಹೊನ್ನಯ್ಯನ ಎದೆ ಉಬ್ಬಿತು. ಅದು ನ್ಯಾಯವಾದ ಹೊಗಳಿಕೆಯೇ ಆಗಿತ್ತು. ತೊಂದರೆ ಏನೆಂದರೆ, ಅವನು ಅದನ್ನು ಮರೆಯಲೇ ಇಲ್ಲ.

ಆ ಇಪ್ಪತ್ತರಲ್ಲಿ ಒಂದು ಗಿಡದ ಮೇಲೆ ಅವನಿಗೆ ಜೀವ. ಅದು ಮುದಿ ಜಾಲಿಯ ಬೀಜದಿಂದ ಹುಟ್ಟಿದ ಜಾಲಿಗಿಡ. ಕೊಳದ ಅಂಚಿನಲ್ಲೇ, ಮುಂದೆ ನೀರಿನ ಮೇಲೆ ಕೊಂಬೆ ಚಾಚುವಂಥ ಜಾಗದಲ್ಲಿ ಅದನ್ನು ನೆಟ್ಟಿದ್ದ. ಉಳಿದ ಗಿಡಗಳಿಗೆ ಒಂದು ಗಂಟಾದರೆ ಅದಕ್ಕೆ ಮೂರು.

ಅದೇ ಬೀಜದ ಇನ್ನೊಂದು ಗಿಡವೂ ಇತ್ತು, ಅಂಚಿನ ಆಚೆ ತುದಿಯಲ್ಲಿ. ಗಾಳಿ ಕಳೆದ ಮೇಲೆ ಅದನ್ನು ನೆಟ್ಟಿದ್ದರು. ಹೊನ್ನಯ್ಯ ಗಂಟು ಹಾಕುವಾಗ ಕೋಲನ್ನು ಹಿಡಿದುಕೊಳ್ಳುವ ಕೆಲಸ ಕೆಂಚಿಯದು. ಅವಳು ಹಿಡಿದುಕೊಂಡಿದ್ದಳು, ಆದರೆ ಮೂಗಿನ ಎದುರಿಗೇ ಎಳೆಯ ಚಿಗುರು ಅಲ್ಲಾಡುತ್ತಿತ್ತು. ಒಂದೇ ಒಂದು ಕಚ್ಚು. ಆಮೇಲೆ ಇನ್ನೊಂದು. ಹೊನ್ನಯ್ಯ ನಾರು ತಂದು ನೋಡುವಾಗ ಗಿಡಕ್ಕೆ ತಲೆಯೇ ಇರಲಿಲ್ಲ.

"ಇದಕ್ಕೆ ನಾನು ಗಂಟು ಹಾಕಲ್ಲ. ನನ್ನ ನಾರೇನು ಬಿಟ್ಟಿ ಬಿದ್ದಿಲ್ಲ. ಇದು ನಿನ್ನ ಗಿಡ, ನೀನೇ ಸಾಕ್ಕೋ" ಎಂದು ಹಾರಿಹೋದ.

ಕೆಂಚಿಗೆ ಅಳು ಬಂತು. ಗಂಟು ಹಾಕಲು ಅವಳಿಗೆ ಬರುತ್ತಿರಲಿಲ್ಲ. ಬುಡಕ್ಕೆ ಕಲ್ಲು ಒಟ್ಟಿ, ಸುತ್ತ ಹುಲ್ಲು ಬೆಳೆಯದಂತೆ ನೋಡಿಕೊಂಡಳು, ಅಷ್ಟೆ. ಅಲ್ಲಿಂದ ಅದಕ್ಕೆ 'ಮೊಲದ ಗಿಡ' ಎಂದೇ ಹೆಸರಾಯಿತು. ಸಣ್ಣ ಗಾಳಿ ಬೀಸಿದರೂ ಅದು ಬಗ್ಗಿ ಏಳುತ್ತಿತ್ತು. ಹೊನ್ನಯ್ಯ ತನ್ನ ನೆಟ್ಟನೆಯ ಗಿಡದ ಮೇಲೆ ಕೂತು, "ಕೆಂಚಿ, ನಿನ್ನ ಗಿಡ ಯಾರಿಗೆ ನಮಸ್ಕಾರ ಮಾಡ್ತಿದೆ ನೋಡು" ಎಂದು ನಗುತ್ತಿದ್ದ.

ಹೀಗೆ ನಾಲ್ಕು ವರ್ಷ ಕಳೆಯಿತು. ಹುಣ್ಣಿಮೆಯ ಮಾರನೆಯ ಬೆಳಗ್ಗೆ ಒಮ್ಮೆಯೂ ತಪ್ಪಲಿಲ್ಲ. ಗಿಡಗಳು ಮರಗಳಾಗತೊಡಗಿದವು. ಹೊಂಗೆಯ ನೆರಳಿಗೆ ಗೌಜಲಹಕ್ಕಿಯ ಸಂಸಾರ ಬಂತು. ಪಿಕಳಾರ ಹಕ್ಕಿಗಳು ಎಲ್ಲೋ ತಿಂದ ಹಣ್ಣಿನ ಬೀಜಗಳನ್ನು ಇಲ್ಲಿ ಉದುರಿಸಿದ್ದರಿಂದ ಯಾರೂ ನೆಡದ ಗಿಡಗಳು ತಾವಾಗಿ ಎದ್ದವು. ಎಲೆ ಉದುರಿದ ಕಡೆ ಎರೆಹುಳು, ಎರೆಹುಳು ಇದ್ದ ಕಡೆ ಮುಂಗುಸಿ. ಒಂದು ಬೆಳಗ್ಗೆ ಬಂಡೆಪ್ಪ, "ಎಲ್ಲ ಬನ್ರೋ, ಜೇನು ಕಟ್ಟಿದೆ!" ಎಂದು ಕೂಗಿದಾಗ ಮುಳ್ಳಜ್ಜಿ ಕೂಡ ಓಡಿ ಬಂದಿದ್ದಳು. ಅಷ್ಟು ವಯಸ್ಸಿನಲ್ಲಿ ಅವಳು ಓಡಿದ್ದನ್ನು ನೋಡಿಯೇ ಎಲ್ಲರಿಗೂ ಅರ್ಧ ಸಂತೋಷವಾಗಿತ್ತು.

ಹೊನ್ನಯ್ಯ ಮಾತ್ರ ವರ್ಷ ವರ್ಷವೂ ಹಳೆಯ ನಾರಿನ ಮೇಲೆ ಹೊಸ ನಾರು ಸುತ್ತುತ್ತಿದ್ದ.

ಐದನೆಯ ಬೇಸಗೆಯಲ್ಲಿ ದೂರದ ಕೆರೆಯಿಂದ ಇಬ್ಬರು ಗೀಜಗರು ಹಾರಿ ಬಂದರು. ಒಬ್ಬಳು ಹೊನ್ನಯ್ಯನ ಅಕ್ಕ ಪುಟ್ಟತಾಯಿ, ಇನ್ನೊಬ್ಬ ದಾರಿಗೆ ಜೊತೆಯಾಗಿ ಬಂದವ. ಅವಳಿಗೆ ಆಯಾಸವಾಗಿತ್ತು.

"ಅಲ್ಲಿ ನಮ್ಮ ಈಚಲುಮರಗಳು ಒಣಗಿಹೋದವು ಹೊನ್ನ. ಬಳಗಕ್ಕೆ ಗೂಡು ಕಟ್ಟೋಕೆ ಜಾಗ ಇಲ್ಲ. ಮೊದಲ ದೊಡ್ಡ ಮಳೆ ಬಿದ್ದ ಮೇಲೆ ಎಲ್ಲ ಹೊರಡ್ತೀವಿ. ನೀರಿನ ಮೇಲೆ ಕೊಂಬೆ ಚಾಚಿದ ಮರ ಒಂದು ಇದ್ದರೆ ಇಲ್ಲೇ ಇಳೀತೀವಿ. ಇಲ್ಲದಿದ್ರೆ ಬೆಟ್ಟ ದಾಟಿ ಹೋಗ್ತೀವಿ. ಅಷ್ಟು ದೂರ ಹೋದರೆ ಮತ್ತೆ ಈ ಕಡೆ ಬರೋದು ಕನಸಿನ ಮಾತು" ಎಂದಳು.

ಹೊನ್ನಯ್ಯ ಅಕ್ಕನನ್ನು ತನ್ನ ಜಾಲಿಯ ಬಳಿಗೆ ಕರೆದೊಯ್ದು ತೋರಿಸಿದ. ನೆಟ್ಟಗೆ, ಎತ್ತರವಾಗಿ, ತಲೆ ತುಂಬ ಎಲೆ ಹೊತ್ತು, ನೀರಿನ ಮೇಲೆ ಕೊಂಬೆ ಚಾಚಿ ನಿಂತಿತ್ತು ಮರ.

"ಚೆನ್ನಾಗಿದೆಯೋ. ಮೊದಲ ಮಳೆ ಬಿದ್ದ ಮೇಲೆ ಬರ್ತೀವಿ" ಎಂದು ಪುಟ್ಟತಾಯಿ ಹಾರಿಹೋದಳು.

ಅಂದಿನಿಂದ ಹೊನ್ನಯ್ಯನ ಕಾಲು ಒಂದು ಕಡೆ ನಿಲ್ಲಲಿಲ್ಲ. ಆದರೆ ಮುಂದಿನ ಮುಯ್ಯಿಯ ಬೆಳಗ್ಗೆ ಮುಳ್ಳಜ್ಜಿ ಜಾಲಿಮರದ ಬುಡದಲ್ಲಿ ನಿಂತು ಬಹಳ ಹೊತ್ತು ಮೇಲೆ ನೋಡಿದಳು. ತೊಗಟೆಯ ರುಚಿ ಗೊತ್ತಿದ್ದವಳಿಗೆ ತೊಗಟೆಯ ಸಂಕಟವೂ ಗೊತ್ತಾಗುತ್ತದೆ.

"ಹೊನ್ನಯ್ಯ, ಈ ನಾರು ಬಿಚ್ಚಬೇಕು. ನೋಡು, ಗಂಟಿನ ಮೇಲೆ ಕೆಳಗೆ ಕಾಂಡ ಊದಿದೆ. ಗಂಟಿರೋ ಕಡೆ ಸೊಂಟ ಕಟ್ಟಿದ ಹಾಗಿದೆ. ಗಾಳಿ ಕಾಲ ಇನ್ನೂ ದೂರ ಇದೆ. ಈಗಲೇ ಬಿಚ್ಚಿದ್ರೆ ಅಷ್ಟರಲ್ಲಿ ಸುಧಾರಿಸ್ಕೊಳ್ಳುತ್ತೆ" ಎಂದಳು.

"ಬಿಚ್ಚೋದಾ?" ಹೊನ್ನಯ್ಯನ ಗರಿಗಳು ನಿಮಿರಿದವು. "ಮೊದಲ ವರ್ಷ ಗಾಳಿಯಲ್ಲಿ ಇವನ್ನೆಲ್ಲ ಉಳಿಸಿದ್ದು ಯಾರು? ಬಳಗ ಬರೋ ಹೊತ್ತಿಗೆ ಬಿಚ್ಚು ಅಂತೀಯಲ್ಲ ಅಜ್ಜಿ!"

"ಆಗ ಅದು ಕೂಸು ಕಣೋ. ಕೂಸಿಗೆ ನಡಿಗೆ ಕಲಿಸೋವಾಗ ಕೈ ಹಿಡೀತೀವಿ. ಬೆಳೆದ ಮೇಲೂ ಹಿಡ್ಕೊಂಡ್ರೆ?"

"ನನಗೆ ನನ್ನ ಕೆಲಸ ಹೇಳ್ಕೊಡಬೇಡಿ. ನಿಮಗೆಲ್ಲ ನನ್ನ ಗಂಟು ಅಷ್ಟು ಕಣ್ಣು ಕಿಸುರಾಗಿದ್ರೆ ನಾಳೆಯಿಂದ ನಾನು ಬರೋದೇ ಇಲ್ಲ."

ಬಂಡೆಪ್ಪ ಬಾಲ ನೋಡಿಕೊಂಡ. ಕೆಂಚಿ ಹುಲ್ಲು ನೋಡಿದಳು. ಮುಳ್ಳಜ್ಜಿಯ ಮಾತು ಸರಿ ಎಂದು ಇಬ್ಬರಿಗೂ ಅನಿಸಿತ್ತು. ಆದರೆ ಎಲ್ಲರಿಗಿಂತ ಹೆಚ್ಚು ದುಡಿದವನಿಗೆ ಎದುರಾಡುವುದು ಹೇಗೆ? ಬೇಜಾರಾದಾನು, ಬಿಟ್ಟುಹೋದಾನು ಎಂಬ ದಾಕ್ಷಿಣ್ಯ. ಆ ದಾಕ್ಷಿಣ್ಯದಿಂದ ಆದ ನಷ್ಟದಲ್ಲಿ ಅವರದೂ ಒಂದು ಪಾಲಿದೆ ಎಂದು ನಾನು ಹೇಳಲೇಬೇಕು.

ಅವರೆಲ್ಲ ಹೋದ ಮೇಲೆ ಹೊನ್ನಯ್ಯ ಒಬ್ಬನೇ ಗಂಟಿನ ಬಳಿ ಕೂತ. ಅವನಿಗೇನು ಕಣ್ಣು ಕಾಣುತ್ತಿರಲಿಲ್ಲವೇ? ನಾರು ತೊಗಟೆಯೊಳಗೆ ಹೂತುಹೋಗಿತ್ತು. ಪಕ್ಕದಿಂದ ಕಂದು ಬಣ್ಣದ ಅಂಟು ಒಸರಿ ಗಟ್ಟಿಯಾಗಿತ್ತು. ಕೊಕ್ಕಿನಿಂದ ಮೆಲ್ಲಗೆ ಒಂದು ಎಳೆ ಎತ್ತಿ ನೋಡಿದ. ಮೇಲಿನ ಕೊಂಬೆ ಗಾಳಿಗೆ ಸ್ವಲ್ಪ ಓಲಾಡಿತು, ಅಷ್ಟಕ್ಕೇ ಅವನು ಕೊಕ್ಕು ಹಿಂದಕ್ಕೆಳೆದ. ಬಿಚ್ಚಿದರೆ ಬಿದ್ದೀತು. ಬಿದ್ದರೆ ಐದು ವರ್ಷದ ದುಡಿಮೆ ನೀರಲ್ಲಿ ಹೋಮ ಮಾಡಿದಂತೆ. ಅಕ್ಕ ಬೆಟ್ಟದ ಆಚೆಗೆ ಹೋಗಿಬಿಡುತ್ತಾಳೆ. ಅವನು ಎತ್ತಿದ ಎಳೆಯನ್ನು ಮತ್ತೆ ಸಿಕ್ಕಿಸಿ, ಮೇಲೊಂದು ಹೊಸ ನಾರು ಸುತ್ತಿ ಬಿಗಿದ.

ಗಾಳಿ ಬಂದದ್ದು ಒಂದು ಮಧ್ಯಾಹ್ನ. ಮೊದಲು ಕೊಳದ ನೀರು ಕಪ್ಪಾಯಿತು. ಆಮೇಲೆ ಕಲ್ಲುಪುಡಿ ಎದ್ದು ಆಕಾಶವೇ ಕಾಣದಾಯಿತು. ಎಲ್ಲರೂ ಬಂಡೆಯ ಸಂದಿಗೆ ಓಡಿದರು. ಹೊನ್ನಯ್ಯ ಓಡಲಿಲ್ಲ. ತನ್ನ ಜಾಲಿಯ ಕಾಂಡಕ್ಕೆ, ಮೂರನೆಯ ಗಂಟಿನ ಹತ್ತಿರ, ಉಗುರೂರಿ ಅಂಟಿಕೊಂಡ.

"ಬಾರೋ ಹುಚ್ಚಪ್ಪ! ಮರ ಹಿಡ್ಕೊಳ್ಳೋಕೆ ನೀನೇನು ಬೆಟ್ಟಾನಾ?" ಎಂದು ಮುಳ್ಳಜ್ಜಿ ಸಂದಿಯಿಂದ ಕೂಗಿದಳು.

ಗಾಳಿ ಬಲವಾಯಿತು. ಮೇಲಿನ ತಲೆ ಒಂದು ಕಡೆ ವಾಲಲು ಹೋಯಿತು, ಕೆಳಗಿನ ಕಾಂಡ ಕೋಲಿಗೆ ಬಿಗಿದು ನಿಂತಿತ್ತು. ಬಾಗಲು ಅದಕ್ಕೆ ಯಾರೂ ಕಲಿಸಿರಲಿಲ್ಲ. ಹೊನ್ನಯ್ಯನಿಗೆ ಕಾಲಡಿಯಲ್ಲಿ ಸಣ್ಣಗೆ ಚಿಟಿಚಿಟಿ ಸದ್ದು ಕೇಳಿಸಿತು. ಮರುಕ್ಷಣ ಮರ ಲಟಕ್ಕನೆ ಮುರಿಯಿತು. ಮುರಿದದ್ದು ಸರಿಯಾಗಿ ಗಂಟಿನ ಜಾಗದಲ್ಲಿ. ಅವನು ಕೆಳಗೆ ಬಿದ್ದ, ಎಲೆ ತುಂಬಿದ ತಲೆ ಅವನ ಪಕ್ಕದಲ್ಲೇ ಬಂದು ಬಿತ್ತು.

ಬಿದ್ದಲ್ಲಿಂದಲೇ ಅವನಿಗೆ ಮೊಲದ ಗಿಡ ಕಾಣಿಸಿತು. ಗಾಳಿ ಅದನ್ನು ನೀರು ಮುಟ್ಟುವವರೆಗೆ ಬಗ್ಗಿಸಿತು. ಅದು ಬಗ್ಗಿತು, ಎದ್ದಿತು. ಮತ್ತೆ ಬಗ್ಗಿಸಿತು, ಮತ್ತೆ ಎದ್ದಿತು. ಐದು ವರ್ಷದಿಂದ ಪ್ರತಿ ಗಾಳಿಗೂ ಅದು ಮಾಡಿಕೊಂಡು ಬಂದದ್ದು ಅದೇ ಕೆಲಸ.

ಆಮೇಲೆ ಮಳೆ ಹೊಯ್ಯಿತು. ಮಳೆ ನಿಂತಾಗ ನೋಡಿದರೆ, ಬಿಗಿಯಾಗಿ ಕಟ್ಟಿದ್ದ ಇಪ್ಪತ್ತರಲ್ಲಿ ಏಳು ಮರಗಳು ಗಂಟಿನಲ್ಲೇ ಮುರಿದಿದ್ದವು. ಹೊನ್ನಯ್ಯ ಮುರಿದ ಕಾಂಡದ ಮೇಲೆ ಒದ್ದೆಯಾಗಿ ಕೂತಿದ್ದ. ನಾರು ಮಾತ್ರ ಒಂದೆಳೆಯೂ ಸಡಿಲವಾಗದೆ ಹಾಗೇ ಇತ್ತು.

ಕೆಂಚಿ ಹತ್ತಿರ ಬಂದಳು. ಅವನು ನಕ್ಕ ನಗುವೆಲ್ಲ ಅವಳಿಗೆ ನೆನಪಿತ್ತು. ಆದರೂ ಅವಳಿಗೆ ನಗು ಬರಲಿಲ್ಲ.

"ನೀನು ಒಳ್ಳೇದಕ್ಕೇ ಕಟ್ಟಿದ್ದೆ" ಎಂದಳು.

"ಮೊದಲ ವರ್ಷ ಹೌದು" ಎಂದ ಹೊನ್ನಯ್ಯ. "ಆಮೇಲೆ ಮರಕ್ಕೋಸ್ಕರ ಕಟ್ಟಲಿಲ್ಲ ಕೆಂಚಿ. ನನ್ನ ಭಯಕ್ಕೆ ಕಟ್ಟಿದೆ. ಗಂಟು ಬಿಚ್ಚಿದ್ರೆ ನನ್ನ ಅಗತ್ಯವೇ ಇರಲ್ಲವೇನೋ ಅಂತಾನೂ ಕಟ್ಟಿದೆ." ಇಷ್ಟು ಹೇಳಿ ಅವನು ಅತ್ತುಬಿಟ್ಟ.

ಮುಳ್ಳಜ್ಜಿ ಅವನನ್ನು ಸಮಾಧಾನ ಮಾಡಲಿಲ್ಲ. ಮುಳ್ಳುಹಂದಿಯ ಅಪ್ಪುಗೆ ಯಾರಿಗೂ ಹಿತವಲ್ಲ ಎಂದು ಅವಳಿಗೆ ಗೊತ್ತಿತ್ತು. "ಉಳಿದ ಹದಿಮೂರು ಇದಾವಲ್ಲ" ಎಂದಳು ಅಷ್ಟೆ.

ಆ ಸಂಜೆಯೇ ಹೊನ್ನಯ್ಯ ಬಿಚ್ಚಲು ಶುರುಮಾಡಿದ. ಐದು ವರ್ಷ ಒಂದರ ಮೇಲೊಂದು ಹಾಕಿದ ಗಂಟುಗಳು. ತನ್ನ ಗಂಟು ಎಷ್ಟು ಗಟ್ಟಿ ಎಂದು ಅವನಿಗೆ ನಿಜವಾಗಿ ತಿಳಿದದ್ದು ಆಗಲೇ. ಒಂದು ಮರಕ್ಕೆ ಅರ್ಧ ದಿನ ಹಿಡಿಯಿತು. ಕೊಕ್ಕಿನ ಬುಡದಲ್ಲಿ ರಕ್ತ ಬಂತು. ಅವನ ಕೊಕ್ಕು ಹೋಗದ ಕಡೆ ಕೆಂಚಿ ಹಲ್ಲಿನಿಂದ ಕಡಿದಳು, ಈ ಸಲ ನಾರನ್ನು ಮಾತ್ರ.

ಮೂರು ಮರಗಳಿಗೆ ಸ್ವಂತ ಬಲವೇ ಇರಲಿಲ್ಲ. ಬಿಚ್ಚಿದೊಡನೆ ಪಕ್ಕಕ್ಕೆ ವಾಲಿದವು. ಹೊನ್ನಯ್ಯ ಗಾಬರಿಯಿಂದ ಮುಳ್ಳಜ್ಜಿಯ ಮುಖ ನೋಡಿದ.

"ಇವಕ್ಕೆ ಕಟ್ಟು. ಸಡಿಲವಾಗಿ" ಎಂದಳು ಅವಳು.

"ಎಷ್ಟು ಸಡಿಲ? ನನಗೆ ಸಡಿಲ ಗೊತ್ತಿಲ್ಲ ಅಜ್ಜಿ."

ಮುಳ್ಳಜ್ಜಿ ಸುತ್ತ ನೋಡಿದಳು. "ಕೆಂಚಿ, ನಿನ್ನ ಕಿವಿ ಕೊಡು ಇಲ್ಲಿ."

ಕೆಂಚಿ ನಾರಿನ ಕುಣಿಕೆಯೊಳಗೆ ಕಿವಿ ತೂರಿಸಿದಳು. ಮೊದಲ ಸಲ ಕಿವಿ ಸಿಕ್ಕಿಕೊಂಡು "ಅಯ್ಯೋ ಅಯ್ಯೋ" ಎಂದಳು. ಹೊನ್ನಯ್ಯ ಬಿಚ್ಚಿ ಮತ್ತೆ ಕಟ್ಟಿದ. ಮೂರನೆಯ ಸಲ ಕಿವಿ ಸಲೀಸಾಗಿ ಒಳಗೆ ಹೋಗಿ ಹೊರಗೆ ಬಂತು. ಅಂದಿನಿಂದ ಹಾಸುಬಂಡೆಯಲ್ಲಿ ಅದೇ ಅಳತೆಯಾಯಿತು. ಹುಣ್ಣಿಮೆ ಹುಣ್ಣಿಮೆಗೂ ಕೆಂಚಿ ಒಂದೊಂದು ಕುಣಿಕೆಗೂ ಕಿವಿ ತೂರಿಸುತ್ತ ಹೋಗುವುದು, ತೂರದಿದ್ದರೆ ಹೊನ್ನಯ್ಯ ಸಡಿಲಿಸುವುದು. ಆ ಕೆಲಸದಲ್ಲಿ ಅವಳ ಬಲಗಿವಿಯ ಕೂದಲು ಸ್ವಲ್ಪ ಉದುರಿಹೋಯಿತು. ಅದನ್ನು ಅವಳು ಎಲ್ಲರಿಗೂ ತೋರಿಸಿಕೊಂಡು ತಿರುಗುತ್ತಿದ್ದಳು.

ಹದಿಮೂರನೆಯ ಮರ ಬಿಚ್ಚಿದ ಮಾರನೆಯ ಬೆಳಗ್ಗೆ ಗೀಜಗರ ಬಳಗ ಬಂತು. ನಲವತ್ತು ಹಕ್ಕಿಗಳು ಕೊಳದ ಮೇಲೆ ಒಂದು ಸುತ್ತು ಹಾಕಿದವು. ಪುಟ್ಟತಾಯಿ ಮುರಿದ ಜಾಲಿಯ ಮೇಲೆ ಇಳಿದಳು. ಅವಳ ಮುಖ ಸಪ್ಪೆಯಾಯಿತು.

"ಹೋಗಲಿ ಬಿಡು ಹೊನ್ನ. ನೀನು ನಿನ್ನ ಕೈಲಾದ್ದು ಮಾಡಿದೀಯ. ನಾವು ಬೆಟ್ಟ ದಾಟ್ತೀವಿ. ನೀನೂ ಬಾ" ಎಂದಳು.

ಹೊನ್ನಯ್ಯ ಅಂಚಿನ ಆಚೆ ತುದಿಯ ಕಡೆ ತಿರುಗಿದ. "ಇನ್ನೊಂದು ಮರ ಇದೆ ಅಕ್ಕ. ಅದು ನಂದಲ್ಲ. ನಾನು ಕೈಬಿಟ್ಟಿದ್ದು. ನಾನು ಆಡಿಕೊಂಡು ನಕ್ಕಿದ್ದು. ಅದು ಕೆಂಚಿಯದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಬಳಗ ಅನುಮಾನದಿಂದ ಮೊಲದ ಗಿಡದ ಕಡೆ ನೋಡಿತು. ನೆಟ್ಟಗಿರಲಿಲ್ಲ. ಚಿಗುರು ಕಚ್ಚಿದ ಕಡೆ ಎರಡಾಗಿ ಕವಲೊಡೆದು, ಎರಡೂ ಕವಲು ನೀರಿನ ಮೇಲೆ ಬಾಗಿದ್ದವು. ಪುಟ್ಟತಾಯಿ ಹೋಗಿ ಒಂದು ಕೊಂಬೆಯ ತುದಿಯಲ್ಲಿ ಕೂತಳು. ಆಮೇಲೆ ಹತ್ತು ಜನ, ಆಮೇಲೆ ನಲವತ್ತೂ ಜನ. ಕೊಂಬೆ ಬಗ್ಗಿತು, ಇನ್ನೂ ಬಗ್ಗಿತು, ಎಲೆಯ ತುದಿ ನೀರಿಗೆ ತಾಗಿತು. ಹೊನ್ನಯ್ಯ ಕಣ್ಣು ಮುಚ್ಚಿಕೊಂಡ. ಅವನ ಕೊಕ್ಕು ತಾನಾಗಿಯೇ ನಾರು ಹುಡುಕುವಂತೆ ಆಡಿತು.

"ಕಣ್ಣು ಬಿಡೋ" ಎಂದಳು ಮುಳ್ಳಜ್ಜಿ.

ಕಣ್ಣು ಬಿಟ್ಟು ನೋಡಿದ. ನಲವತ್ತು ಹಕ್ಕಿಗಳನ್ನು ಹೊತ್ತ ಕೊಂಬೆ ಮೆಲ್ಲಗೆ ಮೇಲೆದ್ದು, ತೊಟ್ಟಿಲಿನಂತೆ ತೂಗುತ್ತಿತ್ತು.

"ಇಲ್ಲೇ" ಎಂದಳು ಪುಟ್ಟತಾಯಿ. "ನಮ್ಮ ಮುದಿ ಜಾಲಿಯೂ ಹೀಗೇ ತೂಗ್ತಿತ್ತು, ನೆನಪಿದೆಯಾ?"

ಹೊನ್ನಯ್ಯನಿಗೆ ನೆನಪಾಯಿತು. ಅವನು ಮೊಟ್ಟೆಯೊಡೆದು ಹೊರಬಂದಾಗ ಮೊದಲು ತಿಳಿದದ್ದೇ ಆ ತೂಗಾಟ. ಇಷ್ಟು ವರ್ಷ ಅದನ್ನು ಹೇಗೆ ಮರೆತೆ ಎಂದು ಅವನಿಗೆ ನಾಚಿಕೆಯಾಯಿತು.

ಅವನು ಕೆಳಗಿಳಿದು ಕೆಂಚಿಯ ಮುಂದೆ ಕೂತ. "ನಿನ್ನ ಮರದಲ್ಲಿ ನಾನೂ ಒಂದು ಗೂಡು ಕಟ್ಟಬಹುದಾ?" ಎಂದು ಕೇಳಿದ.

ಕೆಂಚಿ ಮರವನ್ನು ನೋಡಿದಳು, ಮುಳ್ಳಜ್ಜಿಯನ್ನು ನೋಡಿದಳು. "ಅಜ್ಜಿ, ಮುಯ್ಯಿ ತೀರಿಸೋಕೆ ಗಿಡಕ್ಕೆ ಪುರುಸೊತ್ತಾಯ್ತು ಅಂತ ಕಾಣುತ್ತೆ" ಎಂದಳು. ಆಮೇಲೆ ಹೊನ್ನಯ್ಯನ ಕಡೆ ತಿರುಗಿ, "ಕಟ್ಟು. ಗೂಡು ಮಾತ್ರ ಬಿಗಿಯಾಗಿ ಕಟ್ಟು ಮಾರಾಯ, ಮರಿ ಬಿದ್ದಾವು" ಎಂದಳು.

ಆ ಮಳೆಗಾಲ ಕೊಳದ ಮೇಲೆ ಇಪ್ಪತ್ತೆರಡು ಗೂಡುಗಳು ತೂಗಿದವು. ಮುರಿದ ಜಾಲಿಯ ಮೋಟಿನಲ್ಲಿ, ಗಂಟಿದ್ದ ಜಾಗದ ಕೆಳಗೆ, ಒಂದು ಚಿಗುರು ಹೊರಟಿತ್ತು. ಹೊನ್ನಯ್ಯ ಗೂಡಿಗೆಂದು ನಾರು ಕಚ್ಚಿಕೊಂಡು ಹೋಗುವಾಗ ದಿನವೂ ಅದರ ಬಳಿ ಇಳಿಯುತ್ತಿದ್ದ. ಚಿಗುರು ಸಣ್ಣ ಗಾಳಿಗೆ ಅತ್ತಿತ್ತ ಆಡುತ್ತಿತ್ತು. ಅವನು ಅದನ್ನು ಸ್ವಲ್ಪ ಹೊತ್ತು ನೋಡುತ್ತಿದ್ದ, ಆಮೇಲೆ ನಾರಿನ ಸಮೇತ ಹಾರಿಹೋಗುತ್ತಿದ್ದ.

ನೀತಿ: ಬೆಳೆಯುವ ಜೀವವನ್ನು ಕಾಯುವವರಿಗೆ ಆಸರೆ ಕೊಡುವುದು ತಿಳಿದಿದ್ದರೆ ಸಾಲದು, ಅದನ್ನು ಸಡಿಲಿಸುವ ಹೊತ್ತೂ ತಿಳಿದಿರಬೇಕು.